ಟೈಫಾಯಿಡ್ ಬಿಟ್ಟ ಮೇಲೆ ಮತ್ತೆ ಯಾಕೆ ಬರುತ್ತದೆ?

ಧಾರವಾಡದಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡುವ ನನಗೆ ಕಾಲೇಜಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಎದುರಾಗುವ ಪ್ರಶ್ನೆ ಇದು: "ಸರ, ಜ್ವರ ಬಿಟ್ಟು ಹದಿನೈದು ದಿನ ಆಗಿತ್ರಿ. ಗುಳಿಗಿನೂ ಬರೋಬರಿ ನುಂಗೇವಿ. ಮತ್ತ ಯಾಕ ಬಂದಾವ್ರಿ?"

ಕೇಳುವವರಿಗೆ ಔಷಧಿ ಮೇಲೆ ಅನುಮಾನ, ಇಲ್ಲಾ ಡಾಕ್ಟರ ಮೇಲೆ ಅನುಮಾನ. ಬಹಳ ಸಲ ತಪ್ಪು ಇಬ್ಬರದೂ ಅಲ್ಲ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿ ಸುಮ್ನೆ ರಕ್ತದಲ್ಲಿ ತೇಲಿಕೊಂಡು ಇರುವುದಿಲ್ಲ. ನಮ್ಮ ಜೀವಕೋಶಗಳ ಒಳಗೇ ಸೇರಿಕೊಂಡು ಬದುಕುತ್ತದೆ. ಔಷಧಿ ಅಲ್ಲಿವರೆಗೂ ಹೋಗಿ ಮುಟ್ಟಬೇಕು.

ಈ ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಮಾತ್ರ ಬದುಕುತ್ತದೆ. ಯಾರದೋ ಮಲ ಸೇರಿದ ನೀರು, ಆಹಾರದಿಂದ ಬರುತ್ತದೆ. ನಳ ಬಿಡದ ದಿನ ಪೈಪು ಖಾಲಿ ಇರುತ್ತದೆ. ಒಡೆದ ಕಡೆ ಗಟಾರದ ನೀರು ಒಳಗೆ ನುಗ್ಗುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ 24 ಗಂಟೆ ನೀರು ಬರುವ ವಾರ್ಡುಗಳನ್ನು, ಕೆಲವು ದಿನಕ್ಕೊಮ್ಮೆ ಬರುವ ವಾರ್ಡುಗಳ ಜೊತೆ ಹೋಲಿಸಿ ಅಧ್ಯಯನ ಮಾಡಿದ್ದಾರೆ. 2015ರಲ್ಲಿ ಅದು ಪ್ರಕಟವಾಯಿತು. 24 ಗಂಟೆ ನೀರಿರುವ ಕಡೆ ಟೈಫಾಯಿಡ್ ಬಂದಿದೆ ಎಂದ ಮನೆಗಳು ಕಡಿಮೆ ಇದ್ದವು.

ಹೊಟ್ಟೆಯ ಆಮ್ಲ ದಾಟಿ ಉಳಿದ ಬ್ಯಾಕ್ಟೀರಿಯಾ ಸಣ್ಣ ಕರುಳಿಗೆ ಬರುತ್ತದೆ. ಕರುಳಿನ ಒಳಗೋಡೆಯ ಹೆಚ್ಚಿನ ಕೋಶಗಳು ಬ್ಯಾಕ್ಟೀರಿಯಾವನ್ನು ತಾವಾಗಿ ನುಂಗುವುದಿಲ್ಲ. ಸಾಲ್ಮೊನೆಲ್ಲಾ ನುಂಗಿಸುತ್ತದೆ. ಅದರ ಮೈಮೇಲೆ ಪ್ರೋಟೀನಿನಿಂದಲೇ ಆದ, ಒಳಗೆ ಟೊಳ್ಳಾದ ಸೂಜಿಗಳಿವೆ. ಅವುಗಳ ಮೂಲಕ ಕೆಲವು ಪ್ರೋಟೀನುಗಳನ್ನು ಕೋಶಕ್ಕೆ ಚುಚ್ಚುತ್ತದೆ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳಿವೆಯಲ್ಲ, ಅವು ಚುಚ್ಚಿದ ಜಾಗದಲ್ಲೇ ಒಟ್ಟಾಗಿ ಬೆಳೆಯತೊಡಗುತ್ತವೆ. ಹಾಲು ಉಕ್ಕಿದ ಹಾಗೆ ಕೋಶದ ಪೊರೆ ಮೇಲೆದ್ದು, ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಇದೆಲ್ಲ ಹೆಚ್ಚಾಗಿ ಗೊತ್ತಾಗಿದ್ದು ಟೈಫಿಯ ಹತ್ತಿರದ ಸಂಬಂಧಿ ಟೈಫಿಮ್ಯುರಿಯಂ ಮೇಲಿನ ಪ್ರಯೋಗಗಳಿಂದ. ಅದರಲ್ಲಿ ಇನ್ನೊಂದು ಸಂಗತಿ ಇದೆ, ಪಾಠ ಮಾಡುವಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಒಳಗೆ ಸೇರಿದ ಮೇಲೆ ಎಸ್‌ಪಿಟಿಪಿ ಎಂಬ ಮತ್ತೊಂದು ಪ್ರೋಟೀನು ಆ ಉಬ್ಬನ್ನು ಇಳಿಸಿ, ಕೋಶವನ್ನು ಮೊದಲಿನ ಆಕಾರಕ್ಕೆ ತರುತ್ತದೆ. ಉಬ್ಬಿಸಿದ್ದೂ ಬ್ಯಾಕ್ಟೀರಿಯಾವೇ, ಇಳಿಸಿದ್ದೂ ಅದೇ!

ಕರುಳಿನ ಗೋಡೆ ದಾಟಿದರೆ ಅಲ್ಲಿ ಮೈ ಕಾಯುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಇರುತ್ತವೆ. ಕ್ರಿಮಿಗಳನ್ನು ನುಂಗಿ ಕರಗಿಸುವುದೇ ಅವುಗಳ ಕೆಲಸ. ನುಂಗಿದ ಕ್ರಿಮಿ ಒಂದು ಪೊರೆಯ ಚೀಲದಲ್ಲಿ ಕೂರುತ್ತದೆ, ಅದಕ್ಕೆ ಮೊದಲು ಆಮ್ಲ ಸೇರುತ್ತದೆ, ಆಮೇಲೆ ಕರಗಿಸುವ ಕಿಣ್ವ. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ಸಾಲ್ಮೊನೆಲ್ಲಾಗೆ ಮಾತ್ರ ಆ ಹುಳಿಯೇ ಸುಳಿವು. ಹುಳಿ ತಾಗಿದ ಮೇಲೆ ಅದು ಎರಡನೇ ಬಗೆಯ ಸೂಜಿ ಕಟ್ಟಿಕೊಳ್ಳುತ್ತದೆ. ಈ ಸಲ ಚೀಲದ ಗೋಡೆಯ ಮೂಲಕ ಕೋಶದೊಳಕ್ಕೆ ಪ್ರೋಟೀನು ಕಳಿಸುತ್ತದೆ. ಕೋಶದ ಒಳಗಿನ ಸಾಗಾಟದ ದಾರಿಗಳೇ ಬದಲಾಗುತ್ತವೆ. ಕೊಲ್ಲುವ ಸಾಮಗ್ರಿ ಬರುವುದು ಕಡಿಮೆಯಾಗಿ, ಬೆಳೆಯಲು ಬೇಕಾದದ್ದು ಬರತೊಡಗುತ್ತದೆ. ಅಲ್ಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ಅದೇ ಕೋಶಗಳ ಜೊತೆ ಲಿವರ್, ಗುಲ್ಮ (ಸ್ಪ್ಲೀನ್), ಎಲುಬಿನ ಮಜ್ಜೆಗೆ ಹೋಗುತ್ತದೆ. ಕೆಟ್ಟ ನೀರು ಕುಡಿದ ಮೇಲೆ ಜ್ವರ ಕಾಣಿಸಲು ಸಾಮಾನ್ಯವಾಗಿ 1-2 ವಾರ ಹಿಡಿಯುವುದು ಇದಕ್ಕೇ.

ಈಗ ಔಷಧಿ ವಿಷಯ. ಲ್ಯಾಬಿನ ತಟ್ಟೆಯಲ್ಲಿ ಸಾಲ್ಮೊನೆಲ್ಲಾ ಬೆಳೆಸಿ ಜೆಂಟಾಮೈಸಿನ್ ಬಿಲ್ಲೆ ಇಟ್ಟರೆ, ಸುತ್ತಲೂ ಏನೂ ಬೆಳೆಯದ ದುಂಡನೆಯ ಜಾಗ ಕಾಣಬಹುದು. ನೋಡಿದರೆ ಒಳ್ಳೇ ಔಷಧಿ ಅನ್ನಿಸುತ್ತದೆ. ಅದನ್ನೇ ಟೈಫಾಯಿಡ್ ರೋಗಿಗೆ ಕೊಟ್ಟರೆ ಗುಣವಾಗುವುದಿಲ್ಲ, ಯಾಕಂದರೆ ಅದು ಜೀವಕೋಶದ ಒಳಗೆ ಸರಿಯಾಗಿ ಹೋಗುವುದೇ ಇಲ್ಲ. ಅದಕ್ಕೇ ಸಾಲ್ಮೊನೆಲ್ಲಾ ಸಿಕ್ಕಾಗ ಜೆಂಟಾಮೈಸಿನ್ ಕೆಲಸ ಮಾಡುತ್ತದೆ ಎಂದು ರಿಪೋರ್ಟಿನಲ್ಲಿ ಬರೆಯಬಾರದೆಂಬ ನಿಯಮವೇ ಇದೆ. ಅಜಿತ್ರೊಮೈಸಿನ್ ಇದಕ್ಕೆ ಉಲ್ಟಾ. ರಕ್ತದಲ್ಲಿ ಕಡಿಮೆ, ಕೋಶಗಳ ಒಳಗೆ ಜಾಸ್ತಿ ಸೇರುತ್ತದೆ. ಆದರೂ ಸರಿಯಾದ ಔಷಧಿ ಶುರುವಾದ ಮೇಲೂ ಜ್ವರ ಪೂರ್ತಿ ಇಳಿಯಲು ಎಷ್ಟೋ ಜನಕ್ಕೆ 4-6 ದಿನ ಬೇಕು. ಎರಡೇ ದಿನಕ್ಕೆ ಜ್ವರ ಇಳಿಯಲಿಲ್ಲ ಅಂತ ದವಾಖಾನೆ ಬದಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜ್ವರ ಬಿಟ್ಟ ದಿನವೇ ಗುಳಿಗೆ ಬಿಡುವವರನ್ನು ಕಂಡರೆ ಇನ್ನೂ ಜಾಸ್ತಿ. ಜ್ವರ ಇಳಿದಿದ್ದರೂ ಮಜ್ಜೆಯಲ್ಲಿ, ಗುಲ್ಮದಲ್ಲಿ ಅಡಗಿದ್ದವು ಇನ್ನೂ ಇರಬಹುದಲ್ವಾ?

ಕೋರ್ಸು ಪೂರ್ತಿ ಮುಗಿಸಿದವರಲ್ಲೂ ಕೆಲವರಿಗೆ, ಔಷಧಿಗೆ ತಕ್ಕಂತೆ 100ಕ್ಕೆ 5-10 ಜನರವರೆಗೆ, ಜ್ವರ ಬಿಟ್ಟ 2-3 ವಾರಕ್ಕೆ ಮರುಕಳಿಸುತ್ತದೆ. ಆಗ ಬರುವುದು ಸಾಮಾನ್ಯವಾಗಿ ಮೊದಲಿನ ಬ್ಯಾಕ್ಟೀರಿಯಾವೇ, ಅಡಗಿಕೊಂಡು ಉಳಿದದ್ದು. ಹಳೇ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ. ಡಾಕ್ಟರನ್ನು ಕಂಡು, ಗುಳಿಗೆ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬಹುದಾ ಅಂತ ಕೇಳಿ. ವೈಡಾಲ್ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ನೋಡುವುದು ಪ್ರತಿಕಾಯಗಳನ್ನು, ಅಂದರೆ ಬ್ಯಾಕ್ಟೀರಿಯಾ ವಿರುದ್ಧ ನಮ್ಮ ಮೈ ತಯಾರಿಸುವ ಪ್ರೋಟೀನುಗಳನ್ನು, ಅವು ಗುಣವಾದ ಎಷ್ಟೋ ತಿಂಗಳವರೆಗೂ ರಕ್ತದಲ್ಲಿ ಇರುತ್ತವೆ. ಬ್ಲಡ್ ಕಲ್ಚರ್‌ಗೂ ಒಂದು ಮಿತಿ ಇದೆ, ಅರ್ಧದಷ್ಟು ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸಿಗದೇ ಹೋಗಬಹುದು. ಮಜ್ಜೆಯ ಕಲ್ಚರ್‌ನಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಅವು ಅಡಗಿರುವುದೇ ಅಲ್ಲಿ ತಾನೆ.

ಕೆಲವರಲ್ಲಿ ಇದು ಪಿತ್ತಕೋಶದಲ್ಲಿ ಉಳಿದುಬಿಡುತ್ತದೆ, ಅದರಲ್ಲೂ ಪಿತ್ತಕೋಶದಲ್ಲಿ ಹರಳು ಇದ್ದವರಲ್ಲಿ. ಅವರಿಗೆ ಜ್ವರ ಇಲ್ಲ, ಸುಸ್ತಿಲ್ಲ. ಮಲದಲ್ಲಿ ಮಾತ್ರ ವರ್ಷಗಟ್ಟಲೆ ಬ್ಯಾಕ್ಟೀರಿಯಾ ಹೋಗುತ್ತಿರುತ್ತದೆ. ಖಾನಾವಳಿಯಲ್ಲಿ ಅಡುಗೆ ಮಾಡುವವರು, ಗಿರಮಿಟ್ಟು, ಪಾನಿಪುರಿ ಮಾರುವವರು ಟೈಫಾಯಿಡ್‌ನಿಂದ ಎದ್ದಿದ್ದರೆ, ಕೆಲಸಕ್ಕೆ ಮರಳುವ ಮುಂಚೆ ಮಲದ ಕಲ್ಚರ್ ಮಾಡಿಸಬೇಕಾ ಅಂತ ತಮ್ಮ ಡಾಕ್ಟರನ್ನು ಕೇಳಲಿ.