ಬೆಂಗಾಜಿ ಉಳಿಸೋಕೆ ಹಾರಿದ ವಿಮಾನಗಳು, ಕಿಡಾಲ್‌ನಲ್ಲಿ ಸತ್ತ ಸೈನಿಕರು

2011ರ ಮಾರ್ಚ್ 17ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಲಿಬಿಯಾ ಬಗ್ಗೆ 1973ನೇ ನಂಬರಿನ ನಿರ್ಣಯ ಪಾಸ್ ಮಾಡ್ತು. ಪರವಾಗಿ 10 ವೋಟು, ವಿರೋಧ ಸೊನ್ನೆ, ತಟಸ್ಥವಾಗಿ ಉಳಿದಿದ್ದು 5 ದೇಶ. ಭಾರತ, ಬ್ರೆಜಿಲ್, ಚೀನಾ, ರಷ್ಯಾ, ಜೊತೆಗೆ ಜರ್ಮನಿ. ಆಗಿನ ಬ್ರಿಕ್ಸ್ ಕೂಟದ ಐದೂ ದೇಶ (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ) ಒಂದೇ ಸಲ ಮಂಡಳಿಯಲ್ಲಿ ಕೂತಿದ್ದ ಅಪರೂಪದ ವರ್ಷ ಅದು, ದಕ್ಷಿಣ ಆಫ್ರಿಕಾ ಮಾತ್ರ ಪರವಾಗಿ ವೋಟ್ ಹಾಕಿತ್ತು. ಈ ಒಂದು ವೋಟಿನ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ, ಯಾಕಂದ್ರೆ ಅದರ ಬೆಲೆ ತೆತ್ತೋರು ಆ ಹಾಲ್‌ನಲ್ಲಿ ಕೂತಿದ್ದೋರಲ್ಲ.

ನಿರ್ಣಯದಲ್ಲಿ ಇದ್ದಿದ್ದೇನು ಅಂದ್ರೆ, ನಾಗರಿಕರನ್ನ ಕಾಪಾಡೋಕೆ ಬೇಕಾದ ಎಲ್ಲಾ ಕ್ರಮ ತಗೋಬಹುದು, ಆದ್ರೆ ಹೊರಗಿನ ಸೈನ್ಯ ಬಂದು ನೆಲ ಆಕ್ರಮಿಸ್ಕೊಂಡು ಕೂರೋ ಹಾಗಿಲ್ಲ. ಲಿಬಿಯಾ ಆಳ್ತಿದ್ದ ಗಡಾಫಿ ಟಿವಿಯಲ್ಲಿ ಮನೆ ಮನೆ, ಗಲ್ಲಿ ಗಲ್ಲಿ ಹುಡುಕ್ತೀನಿ ಅಂತ ಕೂಗ್ತಾ ಇದ್ದ, ಅವನ ಟ್ಯಾಂಕುಗಳು ಬಂಡುಕೋರರ ಕೈಲಿದ್ದ ಬೆಂಗಾಜಿ ಕಡೆ ಹೊರಟಿದ್ವು, ಆ ಊರಿನ ಜನಕ್ಕೆ ಇದ್ದ ಭಯ ಸುಳ್ಳಲ್ಲ. 19ನೇ ತಾರೀಕೇ ಫ್ರಾನ್ಸ್, ಬ್ರಿಟನ್, ಅಮೆರಿಕ ಬಾಂಬ್ ಹಾಕೋಕೆ ಶುರು ಮಾಡಿದ್ವು. ಆಫ್ರಿಕನ್ ಯೂನಿಯನ್ ಅದೇ ಹೊತ್ತಿಗೆ ರಾಜಿ ಮಾತುಕತೆಗೆ ಅಂತ ಒಂದು ಸಮಿತಿನ ಲಿಬಿಯಾಕ್ಕೆ ಕಳಿಸೋಕೆ ರೆಡಿ ಆಗಿತ್ತು, ಅವ್ರಿಗೆ ಆವಾಗ ಹೋಗೋಕೇ ಬಿಡ್ಲಿಲ್ಲ, ಏಪ್ರಿಲ್‌ನಲ್ಲಿ ಹೋದ್ರು, ಗಡಾಫಿ ಒಪ್ಕೊಂಡ, ಬೆಂಗಾಜಿಯ ಬಂಡುಕೋರರು ಅವನು ಇಳಿಯೋದೇ ಇಲ್ಲ ಅಂದ್ಮೇಲೆ ಎಂಥ ರಾಜಿ ಅಂತ ವಾಪಸ್ ಕಳಿಸಿದ್ರು. ಬೆಂಗಾಜಿ ಮೇಲಿನ ದಾಳಿ ನಿಂತ ಮೇಲೂ ಈ ದೇಶಗಳ ಸೇನಾಕೂಟ ನ್ಯಾಟೋ ಬಾಂಬ್ ಹಾಕೋದು ನಿಲ್ಲಿಸ್ಲಿಲ್ಲ, ಅಕ್ಟೋಬರ್ 20ಕ್ಕೆ ಗಡಾಫಿ ಸಾಯೋ ತನಕ ನಡೀತು. ಜನರನ್ನ ಕಾಪಾಡೋಕೆ ಅಂತ ಕೊಟ್ಟ ಅನುಮತಿಯಲ್ಲಿ ಸರ್ಕಾರ ಬದಲಾಯಿಸಿದ್ರು. ಇದು ನನ್ನ ಮಾತಷ್ಟೇ ಅಲ್ಲ, 2016ರಲ್ಲಿ ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿಯೇ ಹೆಚ್ಚುಕಮ್ಮಿ ಇದನ್ನೇ ಬರೀತು, ಅಪಾಯ ಎಷ್ಟಿದೆ ಅಂತ ಸರಿಯಾಗಿ ಅಳೆದೇ ಇರ್ಲಿಲ್ಲ ಅಂತಾನೂ ಸೇರಿಸ್ತು.

ನಂಗೆ ಹೆಚ್ಚು ಸಂಕಟ ಆಗೋದು ಮಾತ್ರ ಇದಾದ ಮೇಲಿನ ಕಥೆ ಬಗ್ಗೆ. 1973ಕ್ಕಿಂತ ಮುಂಚೆ, ಫೆಬ್ರವರಿಯಲ್ಲೇ, 1970ನೇ ನಿರ್ಣಯದಲ್ಲಿ ಲಿಬಿಯಾಕ್ಕೆ ಯಾರೂ ಆಯುಧ ಕಳಿಸಬಾರದು ಅಂತ ನಿಷೇಧ ಹಾಕಿದ್ರು. ಜೂನ್‌ನಲ್ಲಿ ಫ್ರಾನ್ಸೇ ಒಪ್ಕೊಳ್ತು, ನಫೂಸಾ ಬೆಟ್ಟದ ಬಂಡುಕೋರರಿಗೆ ವಿಮಾನದಿಂದ ಆಯುಧ ಇಳಿಸಿದೀವಿ ಅಂತ. ನಿಷೇಧಕ್ಕೆ ಕೈ ಎತ್ತಿದ ದೇಶವೇ ಹೀಗೆ ಮಾಡಿದ್ರೆ ಯಾರನ್ನ ಕೇಳೋದು? ಇತ್ತ ಗಡಾಫಿ ದಶಕಗಟ್ಟಲೆ ಕೂಡಿಟ್ಟಿದ್ದ ಆಯುಧದ ಗೋಡೌನುಗಳಿಗೆ ಕಾವಲೇ ಇಲ್ದಂಗಾಯ್ತು. ಅವನ ಸೈನ್ಯದಲ್ಲಿ ಇದ್ದ, ಸಹಾರಾ ಮರುಭೂಮಿಯ ಟುವಾರೆಗ್ ಜನಾಂಗದ ಹೋರಾಟಗಾರರು ಬಂದೂಕು, ಗಾಡಿ ಎಲ್ಲಾ ತಗೊಂಡು ಸಹಾರಾ ದಾಟಿ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಉತ್ತರಕ್ಕೆ, ತಮ್ಮೂರಿಗೆ ಬಂದ್ರು. 2012ರ ಜನವರಿಯಲ್ಲಿ ಅಲ್ಲಿ ದಂಗೆ, ಮಾರ್ಚ್‌ನಲ್ಲಿ ರಾಜಧಾನಿ ಬಮಾಕೋದಲ್ಲಿ ಸೈನ್ಯದ ಕ್ಷಿಪ್ರಕ್ರಾಂತಿ, ಏಪ್ರಿಲ್ ಹೊತ್ತಿಗೆ ಉತ್ತರದ ಊರುಗಳಾದ ಕಿಡಾಲ್, ಗಾವೋ, ಟಿಂಬಕ್ಟು ಮೂರೂ ಸರ್ಕಾರದ ಕೈ ತಪ್ಪಿದ್ವು, ಆಮೇಲೆ ಜಿಹಾದಿಗಳು ಬಂದು ಟಿಂಬಕ್ಟುವಿನ ಹಳೇ ಸಂತರ ಗೋರಿಗಳನ್ನ ಹಾರೆ ಹಿಡ್ಕೊಂಡು ಒಡೆದ್ರು. ಮಾಲಿಗೆ ಅದರದ್ದೇ ರೋಗಗಳು ಇದ್ವು, ಟುವಾರೆಗ್ ದಂಗೆ 1960ರ ದಶಕದಿಂದಾನೂ ಆಗ್ತಾನೇ ಇತ್ತು, ಎಲ್ಲಾನೂ ಲಿಬಿಯಾ ತಲೆಗೆ ಕಟ್ಟೋಕಾಗಲ್ಲ. ಆದ್ರೆ ಉರಿಯೋ ಬೆಂಕಿಗೆ ಇಷ್ಟು ತುಪ್ಪ ಒಂದೇ ವರ್ಷದಲ್ಲಿ ಯಾವತ್ತೂ ಬಿದ್ದಿರ್ಲಿಲ್ಲ.

2013ರಲ್ಲಿ ಮಾಲಿಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು, ಹೆಸರು ಮಿನುಸ್ಮಾ. ಹತ್ತು ವರ್ಷದಲ್ಲಿ 300ಕ್ಕೂ ಹೆಚ್ಚು ಶಾಂತಿಪಾಲಕರು ಸತ್ರು. ಚಾಡ್, ಬಾಂಗ್ಲಾದೇಶ, ಗಿನಿ, ಬುರ್ಕಿನಾ ಫಾಸೊ, ಟೋಗೊ, ಈಜಿಪ್ಟ್, ಹೆಚ್ಚಿನೋರು ಇಂಥ ದೇಶದೋರು. ಜರ್ಮನಿ, ನೆದರ್ಲೆಂಡ್ಸ್ ಕೂಡ ಸೈನಿಕರನ್ನ ಕಳಿಸಿದ್ವು, ಅವ್ರಲ್ಲೂ ಸತ್ತೋರಿದ್ದಾರೆ, ಅದನ್ನ ಮರೆಸಬಾರದು. ಆದ್ರೆ ಕಿಡಾಲ್, ಅಗೆಲ್ಹೋಕ್‌ನಂಥ ಕಡೆ ರಸ್ತೆಯಲ್ಲಿ ಹೂತಿಟ್ಟ ಬಾಂಬಿನ ಮೇಲೆ ಗಾಡಿ ಓಡಿಸ್ಕೊಂಡು ಕಾನ್ವಾಯ್ ಕಾಯೋ ಕೆಲಸ ಹೆಚ್ಚಾಗಿ ಬಿದ್ದಿದ್ದು ಆಫ್ರಿಕಾ, ಏಷ್ಯಾದ ಹುಡುಗರ ಮೇಲೆ. ಮಾಲಿ ಬಗ್ಗೆ ಮಂಡಳಿಯಲ್ಲಿ ನಿರ್ಣಯದ ಕರಡು ಬರೀತಿದ್ದಿದ್ದು ಮಾತ್ರ ಫ್ರಾನ್ಸ್, ಲಿಬಿಯಾ ಬಗ್ಗೆ ಬ್ರಿಟನ್. ಪೆನ್‌ಹೋಲ್ಡರ್ ಅಂತಾನೇ ಕರೀತಾರೆ ಇವ್ರನ್ನ. ಬಾಂಬ್ ಹಾಕೋಕೆ ಮುಂದೆ ನಿಂತೋರ ಕೈಯಲ್ಲೇ ಪೆನ್ನು.

ನಮ್ಗೂ ಇದಕ್ಕೂ ಏನ್ ಸಂಬಂಧ ಅಂತ ಕೇಳ್ಬೋದು. ಕೊಡಗಿನ ಜನರಲ್ ತಿಮ್ಮಯ್ಯ ಅವ್ರ ಹೆಸರು ಕೇಳದೋರು ಕಡಿಮೆ, ಆದ್ರೆ ಅವ್ರು ತೀರ್ಕೊಂಡಿದ್ದು ಸೈಪ್ರಸ್‌ನಲ್ಲಿ, 1965ರ ಡಿಸೆಂಬರ್ 18ಕ್ಕೆ, ಅಲ್ಲಿನ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿದ್ದಾಗಲೇ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸೈಪ್ರಸ್‌ನೋರು ಅವ್ರ ನೆನಪಿಗೆ ಅಂಚೆ ಚೀಟಿ ತಂದ್ರು, ಲಾರ್ನಕಾದಲ್ಲಿ ಒಂದು ರಸ್ತೆಗೆ ಅವ್ರ ಹೆಸರಿದೆ. ಅದಕ್ಕೂ ಮುಂಚೆ 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳಲ್ಲಿ ಊರಿಗೆ ವಾಪಸ್ ಹೋಗಲ್ಲ ಅಂದಿದ್ದ 22 ಸಾವಿರಕ್ಕೂ ಹೆಚ್ಚು ಜನರ ವಿಚಾರಣೆ ನೋಡ್ಕೊಳ್ಳೋ ತಟಸ್ಥ ದೇಶಗಳ ಆಯೋಗಕ್ಕೆ ಅವ್ರೇ ಅಧ್ಯಕ್ಷರು. ದಕ್ಷಿಣ ಕೊರಿಯಾದ ಅಧ್ಯಕ್ಷ ಭಾರತದ ಸೈನಿಕರು ನನ್ನ ನೆಲ ಮುಟ್ಟಬಾರದು ಅಂದಿದ್ದಕ್ಕೆ ಹಡಗಿಂದ ಹೆಲಿಕಾಪ್ಟರ್‌ನಲ್ಲಿ ಅವ್ರನ್ನ ಸೀದಾ ಗಡಿಪಟ್ಟಿಗೆ ಇಳಿಸ್ಬೇಕಾಯ್ತು. ಎರಡೂ ಕಡೆಯೋರು ಬೈತಿದ್ರು, ಆದ್ರೂ ಕೆಲಸ ಮುಗಿಸಿ ಬಂದ್ರು. ಅಲ್ಲಿಂದ ಇವತ್ತಿನವರೆಗೆ ಶಾಂತಿಪಾಲನೆಗೆ ಭಾರತದಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದಾರೆ, ಸತ್ತೋರ ಸಂಖ್ಯೆಯಲ್ಲೂ ನಮ್ದೇ ಮೊದಲ ಸಾಲು.

ಇಷ್ಟೆಲ್ಲಾ ಕೊಟ್ಟ ದೇಶ ಲಿಬಿಯಾ ವಿಷಯದಲ್ಲಿ ಸುಮ್ನೆ ತಟಸ್ಥ ಅಂತ ಹೇಳಿ ಕೂತಿದ್ದು ಸಾಕಾ? ಸಾಕಾಗಲ್ಲ ಅಂತಾನೇ ನನ್ನ ಅಭಿಪ್ರಾಯ. ಮಾಹಿತಿ ಸಾಲದು, ಯಾರು ಹೇಗೆ ಜಾರಿ ಮಾಡ್ತಾರೆ ಅಂತ ಸ್ಪಷ್ಟ ಇಲ್ಲ ಅಂತ ಭಾರತ ಅವತ್ತು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಬೆಂಗಾಜಿಯಲ್ಲಿ ಮನೆ ಬಾಗಿಲು ಹಾಕ್ಕೊಂಡು ಕೂತಿದ್ದ ತಾಯಿಗೆ ನಮ್ಮ ಹತ್ರ ಉತ್ತರ ಏನಿತ್ತು? ಏನೂ ಇರ್ಲಿಲ್ಲ. ಆ ವರ್ಷದ ಕೊನೆಗೆ ಬ್ರೆಜಿಲ್ ಒಂದು ಪ್ರಸ್ತಾವ ಇಟ್ಟಿತ್ತು, ಕಾಪಾಡೋಕೆ ಹೋಗೋರಿಗೂ ಜವಾಬ್ದಾರಿ ಇರ್ಬೇಕು, ಬಲಪ್ರಯೋಗ ಕೊನೇ ಉಪಾಯ ಆಗ್ಬೇಕು, ಏನ್ ಮಾಡ್ತಿದೀವಿ ಅಂತ ಮಂಡಳಿಗೆ ಲೆಕ್ಕ ಕೊಡ್ತಾ ಇರ್ಬೇಕು ಅಂತ. ಎಷ್ಟು ಒಳ್ಳೇ ಮಾತು ನೋಡಿ. ಪಶ್ಚಿಮದೋರಿಗೆ ಕೈ ಕಟ್ಟಿದಂಗೆ ಅನ್ನಿಸ್ತು, ರಷ್ಯಾ, ಚೀನಾಕ್ಕೂ ಉತ್ಸಾಹ ಇರ್ಲಿಲ್ಲ, ಬ್ರೆಜಿಲ್ಲೇ ಆಮೇಲೆ ಕೈಬಿಡ್ತು. ಭಾರತ ಅವತ್ತು ಬ್ರೆಜಿಲ್ ಹೆಗಲಿಗೆ ಹೆಗಲು ಕೊಟ್ಟು ಅದನ್ನ ಎಳ್ಕೊಂಡು ಹೋಗಬೇಕಿತ್ತು. ಅಷ್ಟರಲ್ಲಿ ಸಿರಿಯಾ ಹೊತ್ಕೊಂಡಿತ್ತು, ಲಿಬಿಯಾದಲ್ಲಿ ಮೋಸ ಹೋದ್ವಿ ಅಂತ ರಷ್ಯಾ, ಚೀನಾ ವೀಟೋ ಹಾಕ್ತಾ ಹೋದ್ವು, ಸಿರಿಯಾದ ಜನಕ್ಕೆ ಮಂಡಳಿ ಇದ್ದೂ ಇಲ್ದಂಗಾಯ್ತು.

ವಿಶ್ವಸಂಸ್ಥೆಯ ಚಾರ್ಟರ್‌ನಲ್ಲಿ 44ನೇ ಕಲಂ ಅಂತ ಒಂದಿದೆ. ಮಂಡಳಿಯಲ್ಲಿ ಇಲ್ಲದ ದೇಶದ ಸೈನ್ಯನ ಕೇಳೋದಾದ್ರೆ, ಆ ದೇಶಕ್ಕೆ ಇಷ್ಟ ಇದ್ರೆ, ಆ ಸೈನ್ಯ ಬಳಸೋ ತೀರ್ಮಾನದಲ್ಲಿ ಭಾಗವಹಿಸೋಕೆ ಕರೀಬೇಕು ಅಂತ ಅದರ ಸಾರ. ಅದು ಬೇರೆ ಥರದ ಸೈನ್ಯದ ಏರ್ಪಾಡಿಗೆ ಬರೆದಿದ್ದು, ಆ ಏರ್ಪಾಡು ಜಾರಿಗೇ ಬರ್ಲಿಲ್ಲ ಅಂತ ವಕೀಲರು ವಾದ ಮಾಡ್ಬೋದು, ಆದ್ರೆ ನ್ಯಾಯ ಅಂತೂ ಅದ್ರಲ್ಲೇ ಇದೆ. 2000ದಲ್ಲಿ ಸಿಯೆರಾ ಲಿಯೋನ್‌ನ ಕೈಲಾಹುನ್‌ನಲ್ಲಿ ವಿಶ್ವಸಂಸ್ಥೆ ಪಡೆಯಲ್ಲಿದ್ದ ನಮ್ಮ ಗೂರ್ಖಾ ಸೈನಿಕರು ಎರಡು ತಿಂಗಳ ಮೇಲೆ ಬಂಡುಕೋರರ ಮುತ್ತಿಗೆಯಲ್ಲಿ ಸಿಕ್ಕಾಕ್ಕೊಂಡಿದ್ರು, ಆಪರೇಷನ್ ಖುಕ್ರಿ ಮಾಡಿ ಬಿಡಿಸ್ಕೊಂಡು ಬರ್ಬೇಕಾಯ್ತು. ಅದಾದ ಮುಂದಿನ ವರ್ಷ ಸೈನ್ಯ ಕಳಿಸೋ ದೇಶಗಳ ಜೊತೆ ಮೊದಲೇ ಮಾತಾಡ್ತೀವಿ ಅಂತ ಮಂಡಳಿ 1353ನೇ ನಿರ್ಣಯ ತಂತು. ಸಭೆ ನಡೀತಾವೆ, ಆದ್ರೆ ಕರಡು ಅಷ್ಟರಲ್ಲಿ ಮುಕ್ಕಾಲು ಬರೆದಾಗಿರುತ್ತೆ ಅನ್ನೋದು ಸೈನ್ಯ ಕಳಿಸೋ ದೇಶಗಳ ಹಳೇ ದೂರು.

2013ರ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ ವೋಟಿನಲ್ಲೂ ಭಾರತ ತಟಸ್ಥ. ಬಂಡುಕೋರರು, ಉಗ್ರರ ಕೈಗೆ ಆಯುಧ ಹೋಗೋದನ್ನ ಅದು ಗಟ್ಟಿಯಾಗಿ ತಡೆಯಲ್ಲ, ಮಾರೋ ದೇಶಗಳ ಕಡೆಗೇ ವಾಲಿದೆ ಅಂತ ನಮ್ಮ ಆಕ್ಷೇಪ ಇತ್ತು. ಲಿಬಿಯಾದಿಂದ ಮಾಲಿಗೆ ಆಯುಧ ಹೋದ ದಾರಿ ನೋಡಿದ್ರೆ ಆ ಆಕ್ಷೇಪದಲ್ಲಿ ಹುರುಳಿದೆ. ಈಗ ನಾವೇ ಬ್ರಹ್ಮೋಸ್‌ನಂಥ ಕ್ಷಿಪಣಿ ಮಾರೋ ದೇಶ ಆಗಿದೀವಿ, ಹಾಗಾಗಿ ಆ ಒಪ್ಪಂದಕ್ಕಿಂತ ಗಟ್ಟಿಯಾದ ನಿಯಮನ ನಾವೇ ಮುಂದಿಡೋ ಜವಾಬ್ದಾರಿ ಇನ್ನೂ ಹೆಚ್ಚಾಗಿದೆ.

2028-29ರ ಅವಧಿಗೆ ಮಂಡಳಿಯ ಚುನಾಯಿತ ಸೀಟಿಗೆ ನಿಲ್ತೀವಿ ಅಂತ ಭಾರತ ಹೇಳಿದೆ. ಗೆದ್ರೆ ಕಾಯಂ ಸೀಟಿನ ಭಾಷಣದ ಜೊತೆಗೆ ಇದನ್ನೂ ಕೇಳ್ಬೇಕು. ಬಲ ಬಳಸೋಕೆ ಅನುಮತಿ ಕೊಡೋ ಪ್ರತಿ ನಿರ್ಣಯಕ್ಕೂ ಕೊನೇ ದಿನಾಂಕ ಇರ್ಲಿ, ಬಾಂಬ್ ಹಾಕೋರು ಗೊತ್ತಾದ ದಿನಕ್ಕೆ ಬಂದು ಲೆಕ್ಕ ಒಪ್ಪಿಸ್ಲಿ, ಕಾವಲಿಲ್ಲದ ಆಯುಧದ ಗೋಡೌನಿಗೆ ಯಾರು ಹೊಣೆ ಅಂತ ಮೊದಲೇ ಬರೆದಿಡ್ಲಿ, ಸೈನ್ಯ ಕಳಿಸೋ ಚಾಡ್, ಬಾಂಗ್ಲಾದೇಶ, ನೇಪಾಳದೋರು ಕರಡು ಬರೆಯೋ ಟೇಬಲ್‌ನಲ್ಲೇ ಕೂತಿರ್ಲಿ.