ಗಿಫ್ಟ್ ಅಂದ್ರೆ ಬಿದರಿ

ಗೃಹಪ್ರವೇಶಕ್ಕೆ ಏನ್ ಕೊಡೋದು ಅಂತ ಯಾರಾದ್ರೂ ಕೇಳಿದ್ರೆ ನಾನ್ ಹೇಳೋದು ಒಂದೇ, ಬಿದರಿ, ಅಂದ್ರೆ ಕಪ್ಪು ಲೋಹದ ಮೇಲೆ ಬೆಳ್ಳಿ ಚಿತ್ತಾರ ಇರೋ ಬೀದರ್‌ನ ಕರಕುಶಲ ವಸ್ತು. ಊರಿನ ಹೆಸರು ಪ್ರಿಂಟ್ ಹೊಡ್ದಿರೋ ಮಗ್ಗು, ಫ್ರಿಡ್ಜ್ ಮ್ಯಾಗ್ನೆಟ್ಟು ಎಲ್ಲಾ ಕಡೆ ಸಿಗತ್ತೆ, ಆದ್ರೆ ಇದ್ರೊಳಗೆ ಬೀದರ್‌ ಊರೇ ಇದೆ ಕಣ್ರೀ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೆತ್ತಿ, ಆ ಗೀರಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೇಗೆ ಬೀದರ್ ಕೋಟೆ ಮಣ್ಣು, ನವಸಾಗರ (ಒಂಥರಾ ಉಪ್ಪು) ಹಾಕಿದ ಬಿಸಿ ನೀರಲ್ಲಿ ಅದ್ದತಾರೆ, ಆಗ ಲೋಹ ಮಾತ್ರ ಕಪ್ಪಾಗತ್ತೆ, ಬೆಳ್ಳಿ ಹಾಗೇ ಹೊಳೀತಿರತ್ತೆ! 2006ರಲ್ಲೇ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ, 2023ರಲ್ಲಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವ್ರಿಗೆ ಪದ್ಮಶ್ರೀನೂ ಬಂತು.

ಹೂದಾನಿ ಬೇಡ (ಶೋಕೇಸಲ್ಲಿ ಧೂಳು ತಿನ್ನೋದೇ ಅದು), ಚಿಕ್ಕ ಡಬ್ಬಿನೋ ಪೆನ್ ಸ್ಟ್ಯಾಂಡೋ ಕೊಡಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ ಅಂತಾನೂ ಹೇಳಿ, ಕಪ್ಪೇ ಹೋದ್ರೆ ಇನ್ನೇನ್ ಚೆಂದ?