ಒಂದೂ ಗೀರಿಲ್ಲ ಸಾರ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಶೆಡ್ ಇದೆ. ಕಲ್ಲು ಕೊಯ್ಯುವುದು, ಉಜ್ಜುವುದು, ಪಾಲಿಶ್ ಮಾಡುವುದು. ಗ್ರಾನೈಟ್ ಅಲ್ಲ, ಅಂಗೈಯಲ್ಲಿ ಹಿಡಿಯುವಂಥ ಕಲ್ಲುಗಳು. ಸ್ಫಟಿಕ, ಗುಲಾಬಿ ಸ್ಫಟಿಕ, ಅಗೇಟ್, ಅಮೆಥಿಸ್ಟ್. ಮನೆಯ ಷೋಕೇಸಿಗೆ ಅಂತ ತಗೊಳ್ಳುವವರು ಬರುತ್ತಾರೆ, ಖನಿಜ ಸಂಗ್ರಹ ಮಾಡುವವರೂ ಬರುತ್ತಾರೆ. ಇಬ್ಬರಿಗೂ ಬೇಕಾಗಿರುವುದು ಹೊಳಪು ಅಂತ ಆರು ವರ್ಷ ನಂಬಿಕೊಂಡಿದ್ದೆ.

ನಮ್ಮೂರು ನಾಗಮಂಗಲದ ಕಡೆ. ಹೊಲದ ಬದುವಿನ ಮೇಲೆ ಬೆಣಚುಕಲ್ಲು ಬೇಕಾದಷ್ಟು ಬಿದ್ದಿರುತ್ತದೆ. ಕರೆಂಟು ಹೋದ ರಾತ್ರಿ ಎರಡು ಬಿಳಿ ಕಲ್ಲು ಹಿಡಿದು ಒಂದಕ್ಕೊಂದು ಜೋರಾಗಿ ಉಜ್ಜುತ್ತಿದ್ದೆವು. ಕಲ್ಲಿನೊಳಗೆ ಮಂಕಾಗಿ ಬೆಳಕು ಹತ್ತಿ ಆರುತ್ತಿತ್ತು, ಜೊತೆಗೆ ಏನೋ ಸುಟ್ಟ ವಾಸನೆ. ಆ ಬೆಣಚೂ ದೇವರ ಮನೆಯ ಸ್ಫಟಿಕವೂ ಒಂದೇ, ಎರಡಕ್ಕೂ ಕ್ವಾರ್ಟ್ಜ್ ಅಂತಾರೆ ಅಂತ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಕಲ್ಲಿನ ಗಡಸುತನಕ್ಕೆ ಮೋಸ್ ಅಂತ 1ರಿಂದ 10ರವರೆಗಿನ ಅಳತೆ ಇದೆ, ಅದರಲ್ಲಿ ಅದು 7. ಚಾಕುವಿನಲ್ಲಿ ಗೀರಿದರೆ ಕಲ್ಲಿಗೇನೂ ಆಗಲ್ಲ, ಚಾಕುವಿನ ಕಬ್ಬಿಣವೇ ಕಲ್ಲಿಗೆ ಬಳಿದುಕೊಳ್ಳುತ್ತದೆ.

ಒಂದು ದಿನ ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಬಟ್ಟೆ ಚೀಲ ತಂದುಕೊಟ್ಟರು. ಒಳಗೆ ಗುಲಾಬಿ ಸ್ಫಟಿಕದ ನಾಲ್ಕು ಉಂಡೆ. ಬೇರೆಯಾಗಿ ಪೇಪರಿನಲ್ಲಿ ಸುತ್ತಿದ ಒಂದು ಹರಳು, ಬೆರಳುದ್ದ, ಹೆಬ್ಬೆರಳಿಗಿಂತ ದಪ್ಪ. ಮೈಮೇಲೆಲ್ಲಾ ಕಂದು ಬಣ್ಣದ ತುಕ್ಕು. ಜೊತೆಗೊಂದು ಚೀಟಿ, ಹರಳು ಸಿಕ್ಕ ಹಿಮಾಚಲದ ಊರು, ವರ್ಷ: 'ಕುಲು, 1987'. "ಎಲ್ಲಾ ಕ್ಲೀನ್ ಮಾಡಿ ಕೊಡಪ್ಪಾ" ಅಂದು ಹೋದರು. ನಮ್ಮ ಶೆಡ್ಡಿನಲ್ಲಿ ಕ್ಲೀನ್ ಅಂದರೆ ಪಾಲಿಶ್. ಗಿರಾಕಿಗಳೆಲ್ಲಾ ಹಾಗೇ ಹೇಳೋದು. ನಾನು ಜಾಬ್ ಕಾರ್ಡಿನಲ್ಲಿ 'ಪಾಲಿಶ್, 5 ಪೀಸ್' ಅಂತ ಬರೆದೆ. ಚೀಟಿ ಡ್ರಾಯರ್‌ಗೆ ಹೋಯಿತು.

ಗುಲಾಬಿ ಉಂಡೆಗಳು ಟಂಬ್ಲರ್‌ಗೆ, ಅಂದರೆ ಕಲ್ಲು ಉಜ್ಜುವ ತಿರುಗೋ ಡ್ರಮ್ಮಿಗೆ. ಡ್ರಮ್ಮಿನ ಮುಕ್ಕಾಲು ಭಾಗ ಕಲ್ಲು, ನೀರು, ಕಲ್ಲನ್ನು ಸವೆಸುವ ಕಾರ್ಬೊರಂಡಂ ಪುಡಿ. ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಮೊದಲ ವಾರ ದಪ್ಪ ಪುಡಿ, ಆಮೇಲೆ 220 ನಂಬರಿನದು, ಆಮೇಲೆ 500 (ನಂಬರ್ ಹೆಚ್ಚಿದಷ್ಟೂ ಪುಡಿ ನುಣುಪು), ಕೊನೆಗೆ ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿ. ಹೆಚ್ಚುಕಮ್ಮಿ ಒಂದು ತಿಂಗಳು. ಮಧ್ಯೆ ಮಧ್ಯೆ ಡ್ರಮ್ಮನ್ನೂ ಕಲ್ಲನ್ನೂ ಸರಿಯಾಗಿ ತೊಳೆಯದೆ, ದಪ್ಪ ಪುಡಿಯ ನಾಲ್ಕು ಕಣ ಉಳಿದುಕೊಂಡರೆ ತಿಂಗಳ ಕೆಲಸ ಹಾಳು. ಆ ಕೆಸರನ್ನು ಮೋರಿಗೆ ಸುರಿಯಬಾರದು, ಪೈಪಿನೊಳಗೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಇದನ್ನೂ ನಾವು ಮೋರಿ ಕಟ್ಟಿಕೊಂಡ ಮೇಲೇ ಕಲಿತಿದ್ದು.

ಹರಳನ್ನು ಮಾತ್ರ ಡ್ರಮ್ಮಿಗೆ ಹಾಕಲಿಲ್ಲ. ಹಾಕಿದರೆ ಅಂಚೆಲ್ಲಾ ಸವೆದು ಗುಂಡಾಗುತ್ತದಲ್ಲ, ಅಷ್ಟು ಬುದ್ಧಿ ನನಗಿದೆ ಅಂತ ಜಂಬ ಬೇರೆ. ಕೈಯಲ್ಲೇ ಹಿಡಿದು ಲ್ಯಾಪ್ ಅನ್ನುವ ಉಜ್ಜುವ ಚಕ್ರದ ಮುಂದೆ ಕೂತೆ. ಹರಳಿಗೆ ಆರು ಕಡೆ ಮುಖ. ಎರಡು ಅಗಲ, ಮೂರು ಸಾಧಾರಣ, ಒಂದಂತೂ ಪೆನ್ಸಿಲ್‌ನಷ್ಟೇ ಸಣ್ಣ. ನೋಡಲು ಸೊಟ್ಟ. ಪ್ರತಿ ಮುಖದ ಮೇಲೂ ಅಡ್ಡಡ್ಡ ಸಣ್ಣ ಗೆರೆಗಳು, ಉಗುರು ಆಡಿಸಿದರೆ ಸಿಗುತ್ತಿದ್ದವು. ನೀರು ಬಿಟ್ಟುಕೊಂಡು 220ರಲ್ಲಿ ಶುರು ಮಾಡಿದೆ. ಮೊದಲು ತುಕ್ಕು ಹೋಯಿತು, ಆಮೇಲೆ ಗೆರೆ ಹೋದವು. ಸಣ್ಣ ಮುಖವನ್ನು ಸ್ವಲ್ಪ ಜಾಸ್ತಿ ಉಜ್ಜಿ ಬೇರೆಯವುಗಳ ಸಮಕ್ಕೆ ತಂದೆ. 600, 1200, ಕೊನೆಗೆ ಫೆಲ್ಟ್ ಚಕ್ರದ ಮೇಲೆ ಸೀರಿಯಂ. ಎರಡು ಸಂಜೆ ಹಿಡಿಯಿತು. ಕೊನೆಗೆ ಒಳಗಿನ ಬಿಳಿ ಮಂಜು ಕೂಡ ಕಾಣುವಷ್ಟು ತಿಳಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ.

ಮೇಷ್ಟ್ರು ಬಂದರು. ಗುಲಾಬಿ ಉಂಡೆ ನೋಡಿ "ಭೇಷ್" ಅಂದರು. ಹರಳು ಕೈಗೆ ತಗೊಂಡರು. ಜೇಬಿನಿಂದ ಲೆನ್ಸ್ ತೆಗೆದರು. ಬೆಳಕಿಗೆ ಹಿಡಿದು ತಿರುಗಿಸಿದರು, ಮತ್ತೆ ತಿರುಗಿಸಿದರು.

"ಗೆರೆ ಎಲ್ಲಪ್ಪಾ?"

ನಾನು ಹೊಗಳಿಕೆ ಅಂದುಕೊಂಡೆ. "ಒಂದೂ ಗೀರಿಲ್ಲ ಸಾರ್, ಪೂರ್ತಿ ತೆಗೆದಿದ್ದೀನಿ" ಅಂದೆ.

ಅವರು ಸ್ಟೂಲ್ ಎಳೆದುಕೊಂಡು ಕೂತರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನನ್ನ ಮಗಳ ಜಾಮಿಟ್ರಿ ಬಾಕ್ಸ್ ಅಲ್ಲೇ ಇತ್ತು, ಅದರ ಕೋನಮಾಪಕ ಕೇಳಿದರು. ರಟ್ಟಿನ ಪಟ್ಟಿ ಕತ್ತರಿಸಿ ಹರಳಿನ ಅಂಚಿಗೆ ಒತ್ತಿ ಅಳೆದರು. ಒಂದು ಅಂಚಿನಲ್ಲಿ 117, ಪಕ್ಕದ್ದರಲ್ಲಿ 123. "120 ಇರಬೇಕಿತ್ತು, ಆರೂ ಕಡೆ" ಅಂದರು. ಕ್ವಾರ್ಟ್ಜ್ ಹರಳಿನ ಮುಖ ದೊಡ್ಡದಿರಲಿ ಚಿಕ್ಕದಿರಲಿ, ಆಕಾರ ಎಷ್ಟೇ ಸೊಟ್ಟ ಇರಲಿ, ಮುಖ ಮುಖದ ಮಧ್ಯದ ಕೋನ ಬದಲಾಗುವುದಿಲ್ಲವಂತೆ. 1669ರಲ್ಲೇ ಡೆನ್ಮಾರ್ಕಿನ ವಿಜ್ಞಾನಿ ಸ್ಟೀನೊ ಇದನ್ನು ಬರೆದಿಟ್ಟಿದ್ದಾನಂತೆ. ಆ ಅಡ್ಡ ಗೆರೆಗಳು ಯಾರೋ ಗೀಚಿದ್ದಲ್ಲ, ಹರಳು ಬೆಳೆಯುವಾಗ ಬಿದ್ದ ಗುರುತು. ಟೂರ್ಮಲೀನ್ ಅನ್ನುವ ಇನ್ನೊಂದು ಖನಿಜಕ್ಕೆ ಗೆರೆ ಉದ್ದುದ್ದ ಇರುತ್ತದೆ, ಕ್ವಾರ್ಟ್ಜ್‌ಗೆ ಅಡ್ಡ. ಸಂಗ್ರಹ ಮಾಡುವವರು ಲೆನ್ಸ್ ಹಿಡಿದು ಮೊದಲು ಹುಡುಕುವುದೇ ಅದನ್ನು. ಮೇಷ್ಟ್ರಿಗೆ ಬೇಕಿದ್ದದ್ದು ತುಕ್ಕು ತೆಗೆಯುವುದಷ್ಟೇ. ಆಕ್ಸಾಲಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಕೆಲವು ದಿನ ನೆನೆಹಾಕಿ, ಚೆನ್ನಾಗಿ ತೊಳೆದಿದ್ದರೆ ಮುಗಿಯುತ್ತಿತ್ತು. ಅದು ವಿಷ, ಕೈಗವಸು ಬೇಕು, ಸರಿ. ಆದರೆ ಎರಡು ಸಂಜೆ ಕೂರುವ ಕೆಲಸವಂತೂ ಅಲ್ಲ.

ನನ್ನ ಕಣ್ಣಿಗೂ ಒಂದು ಅಭ್ಯಾಸ ಬಿದ್ದಿತ್ತು ಅನಿಸುತ್ತದೆ. ದಿನಾ ನೋಡುವುದು ಮಾರಾಟದ 'ಟವರ್'ಗಳನ್ನು. ಆರು ಮುಖ ಸಮ, ಮೇಲೆ ಚೂಪು ತುದಿ. ಗುಲಾಬಿ ಸ್ಫಟಿಕದ ಟವರ್ ಕೂಡ ಸಿಗುತ್ತದೆ. ಗುಲಾಬಿ ಸ್ಫಟಿಕ ಸಾಮಾನ್ಯವಾಗಿ ಮುಖಗಳಿರುವ ಹರಳಾಗಿ ಬೆಳೆಯುವುದೇ ಇಲ್ಲ, ಬರೀ ಗಡ್ಡೆ. ಆ ಟವರ್ ಆಕಾರವೆಲ್ಲಾ ಮೆಷಿನ್ ಕೊಟ್ಟಿದ್ದು. ಅದನ್ನೇ ನೋಡಿ ನೋಡಿ ನಿಜವಾದ ಹರಳು ನನಗೆ ಸೊಟ್ಟಗೆ ಕಂಡಿತು.

ಹಾಗಂತ ಪಾಲಿಶ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಗೇಟ್ ಹೊರಗಿನಿಂದ ಆಲೂಗಡ್ಡೆ. ಕೊಯ್ದು ಪಾಲಿಶ್ ಮಾಡಿದರೇ ಒಳಗಿನ ಪಟ್ಟೆ ಕಾಣುವುದು. ಅಳಿಸಿ ಹೋಗುವಂಥ ಮುಖವೇ ಇಲ್ಲದ ಕಲ್ಲಿಗೆ ಎಷ್ಟು ಬೇಕಾದರೂ ಹೊಳಪು ಕೊಡಿ.

ಮಜೂರಿ ತಗೊಳ್ಳಲಿಲ್ಲ. ಮೇಷ್ಟ್ರು ಚೀಟಿ ವಾಪಸ್ ಕೇಳಿದರು, ಪುಣ್ಯಕ್ಕೆ ಡ್ರಾಯರ್‌ನಲ್ಲೇ ಇತ್ತು. 'ಕುಲು, 1987' ಕೆಳಗೆ ಪೆನ್ಸಿಲ್‌ನಲ್ಲಿ 'ಮುಖಗಳನ್ನು ಉಜ್ಜಲಾಗಿದೆ, ಮೈಸೂರು' ಅಂತ ಬರೆದುಕೊಂಡು ಹೋದರು.

ಜಾಬ್ ಕಾರ್ಡಿನಲ್ಲಿ ಈಗ ಮೂರು ಬೇರೆ ಬೇರೆ ಸಾಲು ಮಾಡಿಸಿದ್ದೇನೆ: ತೊಳೆಯುವುದು, ಕಲೆ ತೆಗೆಯುವುದು, ಉಜ್ಜುವುದು. ಗಿರಾಕಿ ಎದುರಿಗೇ ಟಿಕ್ ಹಾಕಬೇಕು. ಹರಳು ಬಂದರೆ ಮುಟ್ಟುವ ಮೊದಲು ಎಲ್ಲಾ ಮುಖದ ಫೋಟೋ ವಾಟ್ಸಾಪ್‌ಗೆ ಹೋಗಬೇಕು. ಮಾರುವ ಕಲ್ಲಿನ ಚೀಟಿಯಲ್ಲೂ ಏನೇನು ಮಾಡಿದ್ದೇವೆ ಅಂತ ಬರೆಯುತ್ತೇವೆ. ಮಾರ್ಕೆಟ್ಟಿನಲ್ಲಿ ಸಿಟ್ರಿನ್ ಅಂತ ಸಿಗುವ ಹಳದಿ ಕಲ್ಲು ಬಹುಪಾಲು ಕಾಯಿಸಿದ ಅಮೆಥಿಸ್ಟ್, ಅದರ ಮೇಲೆ 'ಕಾಯಿಸಿದ್ದು' ಅಂತಲೇ ಇರುತ್ತದೆ. "ಹಂಗೆ ಬರೆದ್ರೆ ಯಾರು ತಗೋತಾರೆ?" ಅಂತ ಓನರ್ ಒಂದು ವಾರ ಗೊಣಗಿದರು. ಷೋಕೇಸಿನವರು ಚೀಟಿ ಓದುವುದೇ ಇಲ್ಲ, ತಗೊಂಡು ಹೋಗುತ್ತಾರೆ.

ಮೊನ್ನೆ ಕಾಲೇಜು ಹುಡುಗನೊಬ್ಬ ಅಮೆಥಿಸ್ಟ್ ಗೊಂಚಲು ತಂದ. "ಅಣ್ಣಾ, ಕ್ಲೀನ್ ಮಾಡಿ ಕೊಡಿ."

"ಯಾವ ಕ್ಲೀನ್?"

ಇವನಿಗೇನಾಗಿದೆ ಅನ್ನುವ ಹಾಗೆ ನೋಡಿದ. "ಧೂಳು ಕೂತಿದೆ ಅಣ್ಣಾ, ಅಷ್ಟೆ."

ಹಳೇ ಟೂತ್‌ಬ್ರಷ್ಷು, ಸೋಪಿನ ನೀರು. ಹತ್ತು ನಿಮಿಷದ ಕೆಲಸ.